ಗ್ರಾಫಿಕ್ಸ್ ಕಾರ್ಡ್ ಓವರ್‌ಕ್ಲಾಕ್: ವೇಗ ಏರಿಸುವುದೋ, ವೋಲ್ಟೇಜ್ ಇಳಿಸುವುದೋ?

ಈಗಿನ ಗ್ರಾಫಿಕ್ಸ್ ಕಾರ್ಡು ಅಂಗಡಿಯಿಂದ ಬರುವಾಗಲೇ ಅರ್ಧ ಓವರ್‌ಕ್ಲಾಕ್ (ನಿಗದಿತ ವೇಗಕ್ಕಿಂತ ಮೇಲೆ ಓಡಿಸುವುದು) ಆಗಿರುತ್ತದೆ. 2012ರಲ್ಲಿ ಜಿಟಿಎಕ್ಸ್ 680 ಜೊತೆ ಎನ್‌ವಿಡಿಯಾ 'ಜಿಪಿಯು ಬೂಸ್ಟ್' ತಂದಿತು. ಅಂದಿನಿಂದ ಕಾರ್ಡು ತನ್ನ ವೇಗವನ್ನು ತಾನೇ ಏರಿಸಿಕೊಳ್ಳುತ್ತದೆ. ವಿದ್ಯುತ್ ಮಿತಿ, ಬಿಸಿ, ವೋಲ್ಟೇಜ್ ಈ ಮೂರರಲ್ಲಿ ಒಂದು ಅಡ್ಡ ಬಂದ ಕಡೆ ನಿಲ್ಲುತ್ತದೆ. ಎನ್‌ವಿಡಿಯಾ 1777 ಮೆಗಾಹರ್ಟ್ಜ್ ಎಂದು ಹೇಳುವ ಆರ್‌ಟಿಎಕ್ಸ್ 3060 ಆಟದಲ್ಲಿ 1900ರ ಆಸುಪಾಸು ಓಡುವುದು ಇದರಿಂದಲೇ. ಹೀಗಿರುವಾಗ ನಾವು ಕೈಯಾರೆ ಗಿಟ್ಟಿಸಲು ಉಳಿದಿರುವ ವೇಗ ಬಹಳ ಕಡಿಮೆ. ಆದರೆ ಅದೇ ವೇಗವನ್ನು ಕಡಿಮೆ ವಿದ್ಯುತ್ತಿನಲ್ಲಿ, ಕಡಿಮೆ ಬಿಸಿಯಲ್ಲಿ ಪಡೆಯಲು ಇನ್ನೂ ಸಾಕಷ್ಟು ಜಾಗವಿದೆ. ಹತ್ತು ಜನರಲ್ಲಿ ಎಂಟು ಜನರಿಗೆ ಅಂಡರ್‌ವೋಲ್ಟ್ (ವೋಲ್ಟೇಜ್ ಇಳಿಸುವುದು) ಜೊತೆಗೆ ಸ್ವಲ್ಪ ಮೆಮೊರಿ ಓವರ್‌ಕ್ಲಾಕ್ ಸರಿಯಾದ ಆಯ್ಕೆ ಎಂಬುದು ನಮ್ಮ ಅಭಿಪ್ರಾಯ. ಉಳಿದ ದಾರಿಗಳು ಯಾರಿಗೆ, ಯಾವಾಗ ಎಂಬುದನ್ನೂ ನೋಡೋಣ. ಲೆಕ್ಕಕ್ಕೆ 12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡನ್ನೇ ಇಟ್ಟುಕೊಂಡಿದ್ದೇವೆ. ಎಎಂಡಿ ಕಾರ್ಡಿನವರಿಗೆ ಕೆಳಗೆ ಬೇರೆ ಭಾಗವಿದೆ.

ಮೊದಲು, ಕಾರ್ಡನ್ನು ತಡೆಯುತ್ತಿರುವುದು ಏನು?

ಇದನ್ನು ನೋಡದೆ ಸ್ಲೈಡರ್ ಮುಟ್ಟಬೇಡಿ. ಕಾರ್ಡಿನ ಸ್ಥಿತಿ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ಸೆನ್ಸರ್ಸ್ ಟ್ಯಾಬಿಗೆ ಹೋಗಿ, ಹಿನ್ನೆಲೆಯಲ್ಲಿ ಓಡಲು ಬಿಟ್ಟು, ನೀವು ನಿಜವಾಗಿ ಆಡುವ ಆಟವನ್ನು ಇಪ್ಪತ್ತು ನಿಮಿಷ ಆಡಿ. ಆಮೇಲೆ 'ಪರ್ಫ್‌ಕ್ಯಾಪ್ ರೀಸನ್' ಎಂಬ ಸಾಲನ್ನು ನೋಡಿ. ಅಲ್ಲಿ ಪವರ್ ಎಂದು ಬಂದರೆ ವಿದ್ಯುತ್ ಮಿತಿ ಮುಟ್ಟಿದೆ ಎಂದರ್ಥ. ಥರ್ಮಲ್ ಎಂದರೆ ಬಿಸಿ. ವಿರೆಲ್ ಅಥವಾ ವಿಆಪ್ ಎಂದರೆ ವೋಲ್ಟೇಜಿನ ಮೇಲಿನ ಅಂಚು ಮುಟ್ಟಿದೆ, ಇನ್ನು ಕಾರ್ಡು ತಾನಾಗಿ ಏರುವುದಿಲ್ಲ.

ಜಿಪಿಯು (ಕಾರ್ಡಿನ ಮುಖ್ಯ ಚಿಪ್) ಬಳಕೆ ಶೇ. 95ಕ್ಕಿಂತ ಕೆಳಗೇ ಓಡಾಡುತ್ತಿದ್ದರೆ ತಡೆ ಪ್ರೊಸೆಸರಿನದ್ದೋ, ವಿ-ಸಿಂಕಿನದ್ದೋ (ಫ್ರೇಮುಗಳನ್ನು ಮಾನಿಟರಿನ ವೇಗಕ್ಕೆ ಕಟ್ಟುವ ಸೆಟ್ಟಿಂಗ್) ಆಗಿರುತ್ತದೆ. ಆಗ ಕಾರ್ಡಿನ ವೇಗ ಏರಿಸಿದರೂ ಒಂದು ಫ್ರೇಮೂ ಹೆಚ್ಚಾಗದು. ಅರವತ್ತು ಹರ್ಟ್ಜ್ ಮಾನಿಟರಿನಲ್ಲಿ ಆಟ ಈಗಾಗಲೇ 60ಕ್ಕೆ ಕಟ್ಟಿಹಾಕಿದಂತೆ ಓಡುತ್ತಿದ್ದರೆ ಓವರ್‌ಕ್ಲಾಕ್ ಬರೀ ಕರೆಂಟು ಖರ್ಚು.

ಅದೇ ಹೊತ್ತಿನಲ್ಲಿ ಒಂದು ಹಾಳೆಯಲ್ಲಿ ಬರೆದಿಡಿ: ಕೋಣೆಯ ಉಷ್ಣತೆ, ಕೋರ್ (ಚಿಪ್ಪಿನ ಲೆಕ್ಕ ಮಾಡುವ ಭಾಗ) ಉಷ್ಣತೆ, ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ), ವ್ಯಾಟ್, ಮೆಗಾಹರ್ಟ್ಜ್, ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಅಂಕ. ಕೋಣೆಯ ಉಷ್ಣತೆಯನ್ನು ಹೆಚ್ಚಿನವರು ಬರೆಯುವುದಿಲ್ಲ. ಫ್ಯಾನಿನ ವೇಗ ಅಷ್ಟೇ ಇದ್ದರೆ ಕೋಣೆ 10 ಡಿಗ್ರಿ ಏರಿದಾಗ ಕಾರ್ಡೂ ಹೆಚ್ಚುಕಡಿಮೆ 10 ಡಿಗ್ರಿ ಏರುತ್ತದೆ. ಜನವರಿಯ ರಾತ್ರಿ ಬೆಂಗಳೂರಿನಲ್ಲಿ ಗಟ್ಟಿ ನಿಂತ ಸೆಟ್ಟಿಂಗ್ ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ನಿಲ್ಲುತ್ತದೆಂಬ ಭರವಸೆಯಿಲ್ಲ. ಚಿಪ್ ಬಿಸಿಯಾದಷ್ಟೂ ಅದೇ ವೋಲ್ಟೇಜಿನಲ್ಲಿ ಅದು ತಡೆದುಕೊಳ್ಳುವ ವೇಗ ತಗ್ಗುತ್ತದೆ.

ಕೋರ್ ಮತ್ತು ಹಾಟ್‌ಸ್ಪಾಟ್ ನಡುವೆ 25 ಡಿಗ್ರಿಗಿಂತ ಹೆಚ್ಚು ಅಂತರ ಇದ್ದರೆ ಥರ್ಮಲ್ ಪೇಸ್ಟ್ ಒಣಗಿರಬಹುದು, ಇಲ್ಲವೇ ಹೀಟ್‌ಸಿಂಕ್ ಸಮವಾಗಿ ಕೂತಿಲ್ಲ. ಓವರ್‌ಕ್ಲಾಕ್ ಮಾತು ಆಮೇಲೆ. ಮೊದಲು ಅದನ್ನು ಸರಿಮಾಡಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಕೊಂಡ ಸೆಕೆಂಡ್‌ಹ್ಯಾಂಡ್ ಕಾರ್ಡಾದರೆ ಇದನ್ನು ಬಿಡಲೇಬೇಡಿ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಮೈನಿಂಗ್ ನಿಂತಾಗ ಹಗಲುರಾತ್ರಿ ದುಡಿದ ಕಾರ್ಡುಗಳು ಹಳೆ ಮಾರುಕಟ್ಟೆಗೆ ಬಂದವು. ಅಂಥವುಗಳಲ್ಲಿ ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡ್ ಎಣ್ಣೆ ಬಿಟ್ಟು ಗಟ್ಟಿಯಾಗಿರುವುದು ಸಾಮಾನ್ಯ.

ಎಸ್‌ಎಂಪಿಎಸ್ ಮತ್ತು ಯುಪಿಎಸ್

ಮದರ್‌ಬೋರ್ಡಿನ ಸ್ಲಾಟ್ 75 ವ್ಯಾಟ್ ಕೊಡುತ್ತದೆ, 6 ಪಿನ್ ಕನೆಕ್ಟರ್ 75, 8 ಪಿನ್ 150. ಒಂದೇ 8 ಪಿನ್ ಇರುವ 3060 ಕಾರ್ಡಿಗೆ ಒಟ್ಟು 225 ವ್ಯಾಟ್ ದಾರಿ ಇದೆ, ಅದರ ಬಳಕೆ 170. ಚಿಂತೆಯಿಲ್ಲ. 320 ವ್ಯಾಟಿನ 3080 ತರಹದ ಕಾರ್ಡುಗಳ ಕಥೆ ಬೇರೆ. ಅವು ಕಣ್ಣು ಮಿಟುಕಿಸುವಷ್ಟರಲ್ಲಿ ತಮ್ಮ ಮಿತಿಯನ್ನು ಬಹಳ ಮೀರಿ ಎಳೆಯುತ್ತವೆ. ಆ ಜಿಗಿತಕ್ಕೆ ಸಾಧಾರಣ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಎರಡು ಕನೆಕ್ಟರ್ ಇರುವ ಕಾರ್ಡಿಗೆ ಎರಡು ಬೇರೆ ಬೇರೆ ಕೇಬಲ್ ಹಾಕಿ; ಒಂದೇ ಕೇಬಲಿನ ಕವಲುಬಾಲವನ್ನು ಎರಡಕ್ಕೂ ಚುಚ್ಚಬೇಡಿ. ಹೊಸ 12 ಪ್ಲಸ್ 4 ಪಿನ್ ಕನೆಕ್ಟರ್ ಇದ್ದರೆ ಪೂರ್ತಿ ಒಳಗೆ ಕೂತಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಆರ್‌ಟಿಎಕ್ಸ್ 4090 ಕಾರ್ಡುಗಳಲ್ಲಿ ಕನೆಕ್ಟರ್ ಕರಗಿದ ಪ್ರಕರಣಗಳಿಗೆ ಅರ್ಧಂಬರ್ಧ ಚುಚ್ಚಿದ್ದು ಮುಖ್ಯ ಕಾರಣಗಳಲ್ಲೊಂದು.

ನಮ್ಮ ಮನೆಗಳಲ್ಲಿ ಮರೆತುಹೋಗುವುದು ಯುಪಿಎಸ್. 600 ವಿಎ ಎಂದು ಬರೆದ ಸಾಮಾನ್ಯ ಯುಪಿಎಸ್ ನಿಜಕ್ಕೆ ಹೊರುವುದು 360 ವ್ಯಾಟ್. ವೇಗ ಏರಿಸಿದ ಕಾರ್ಡು 190, ಪ್ರೊಸೆಸರ್ 100, ಮಾನಿಟರ್ 30, ಉಳಿದದ್ದಕ್ಕೆ 40 ಎಂದು ಕೂಡಿಸಿ ನೋಡಿ, ಅಲ್ಲಿಗೆ ಮುಗಿಯಿತು. ಕರೆಂಟು ಹೋದ ಕ್ಷಣ ಯುಪಿಎಸ್ ಕೀಂ ಎಂದು ಕಂಪ್ಯೂಟರೂ ಆರಿಹೋಗುತ್ತದೆ. ಜನ ಅದನ್ನು ಓವರ್‌ಕ್ಲಾಕ್ ಕ್ರ್ಯಾಶ್ ಅಂದುಕೊಳ್ಳುತ್ತಾರೆ.

ದಾರಿ ಒಂದು: ಪವರ್ ಲಿಮಿಟ್ ಇಳಿಸುವುದು

ಎಲ್ಲಕ್ಕಿಂತ ಸುಲಭ, ಕೆಡಲು ಜಾಗವೇ ಇಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಳ್ಳಿ (ಕಾರ್ಡಿನ ವೇಗ, ವಿದ್ಯುತ್ ಹೊಂದಿಸುವ ತಂತ್ರಾಂಶ; ಯಾವ ಕಂಪನಿಯ ಕಾರ್ಡಿಗೂ ನಡೆಯುತ್ತದೆ), ಪವರ್ ಲಿಮಿಟ್ ಅನ್ನು 100ರಿಂದ 80ಕ್ಕೆ ತಂದು ಟಿಕ್ ಗುರುತು ಒತ್ತಿ. 170 ವ್ಯಾಟ್ 136ಕ್ಕೆ ಇಳಿಯುತ್ತದೆ. ವೇಗದಲ್ಲಿ ಕಳೆದುಕೊಳ್ಳುವುದು ಸಾಮಾನ್ಯವಾಗಿ ಶೇ. 5ರ ಸುತ್ತಮುತ್ತ. ಕಾರ್ಡು ಕಾರ್ಖಾನೆಯ ವೋಲ್ಟೇಜ್ ಗೆರೆಯ (ಯಾವ ವೋಲ್ಟೇಜಿಗೆ ಎಷ್ಟು ವೇಗ ಎಂಬ ನಕ್ಷೆ) ಮೇಲೇ ಇರುವುದರಿಂದ ಅಸ್ಥಿರತೆಯ ಪ್ರಶ್ನೆ ಬರುವುದಿಲ್ಲ. ಬ್ಲೆಂಡರ್ ರೆಂಡರ್, ಎಐ ಮಾಡೆಲ್ ತರಬೇತಿಯಂಥ ಗಂಟೆಗಟ್ಟಲೆ ಕೆಲಸಕ್ಕೆ ನಾವು ಸೂಚಿಸುವುದು ಇದೊಂದನ್ನೇ. ಆಟದಲ್ಲಿ ಒಂದು ಪಿಕ್ಸೆಲ್ ತಪ್ಪಿದರೆ ಯಾರಿಗೂ ಗೊತ್ತಾಗದು. ಲೆಕ್ಕದಲ್ಲಿ ಸದ್ದಿಲ್ಲದೆ ನುಸುಳಿದ ತಪ್ಪು ಮಾತ್ರ ಇಡೀ ಫಲಿತಾಂಶ ಕೆಡಿಸೀತು. ಲಿನಕ್ಸ್ ಬಳಸುವವರು ಎನ್‌ವಿಡಿಯಾದ ಎಸ್‌ಎಂಐ ಉಪಕರಣದಿಂದ ಇದೇ ಕೆಲಸ ಮಾಡಬಹುದು.

ದಾರಿ ಎರಡು: ತಾನಾಗಿ ಹುಡುಕುವ ಸ್ಕ್ಯಾನರ್

ಆಫ್ಟರ್‌ಬರ್ನರಿನ ಒಸಿ ಸ್ಕ್ಯಾನರ್, ಎನ್‌ವಿಡಿಯಾ ಆ್ಯಪಿನ ಆಟೋಮ್ಯಾಟಿಕ್ ಟ್ಯೂನಿಂಗ್ ಎರಡೂ ಒಂದೇ ಜಾತಿ. ಒತ್ತಿ, ಇಪ್ಪತ್ತು ನಿಮಿಷ ಮುಟ್ಟದೆ ಬಿಟ್ಟರೆ ಪ್ರತಿ ವೋಲ್ಟೇಜಿಗೆ ಎಷ್ಟು ವೇಗ ಸಿಗುತ್ತದೆಂದು ಪರೀಕ್ಷಿಸಿ ಹೊಸ ಗೆರೆ ಬರೆಯುತ್ತವೆ. ಸುರಕ್ಷಿತ, ಆದರೆ ಲಾಭ ಸಪ್ಪೆ. ಬಿಸಿಯೂ ಸದ್ದೂ ಕಡಿಮೆಯಾಗುವುದಿಲ್ಲ. ಸ್ಕ್ಯಾನರಿನ ಪರೀಕ್ಷೆಯಲ್ಲಿ ರೇ ಟ್ರೇಸಿಂಗಿನಂಥ (ಬೆಳಕಿನ ಹಾದಿಯನ್ನು ಲೆಕ್ಕಹಾಕುವ ತಂತ್ರ) ಭಾರ ಇರುವುದಿಲ್ಲವಾದ್ದರಿಂದ ಅದು ಪಾಸು ಮಾಡಿದ ಸೆಟ್ಟಿಂಗ್ ಭಾರಿ ಆಟದಲ್ಲಿ ಬೀಳುವುದೂ ಉಂಟು. ಏನೂ ಓದಲು ಪುರುಸೊತ್ತಿಲ್ಲ ಎನ್ನುವವರಿಗೆ ಸಾಕು.

ದಾರಿ ಮೂರು: ಅಂಡರ್‌ವೋಲ್ಟ್

ಚಿಪ್ ನುಂಗುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿ ಏರಿದರೆ, ವೋಲ್ಟೇಜಿಗೆ ವರ್ಗದ ಅನುಪಾತದಲ್ಲಿ ಏರುತ್ತದೆ. 1.05 ವೋಲ್ಟಿನಲ್ಲಿ 1900 ಓಡುವ ಕೋರ್ 0.875 ವೋಲ್ಟಿನಲ್ಲಿ 1830 ಓಡಿದರೆ ವೇಗ ಶೇ. 4ರಷ್ಟು ಕಡಿಮೆ, ಆದರೆ ಕೋರಿನ ವಿದ್ಯುತ್ತು ಸುಮಾರು ಮೂರನೇ ಒಂದು ಭಾಗ ಕಡಿಮೆ. ಮೆಮೊರಿ, ಫ್ಯಾನು, ವೋಲ್ಟೇಜ್ ರೆಗ್ಯುಲೇಟರುಗಳ ಪಾಲು ಅಷ್ಟೇ ಇರುವುದರಿಂದ ಇಡೀ ಕಾರ್ಡಿನ ಉಳಿತಾಯ ಅಷ್ಟು ಬಾರದು. 170 ಇದ್ದದ್ದು 130ರ ಆಸುಪಾಸಿಗೆ ಬಂದರೆ ಒಳ್ಳೆಯ ಫಲ. ದಿನಕ್ಕೆ ನಾಲ್ಕು ಗಂಟೆ ಆಡುವವರಿಗೆ ಆ 40 ವ್ಯಾಟ್ ವರ್ಷಕ್ಕೆ 58 ಯೂನಿಟ್. ಬಿಲ್ಲಿನಲ್ಲಿ ಅದು ದೊಡ್ಡದಲ್ಲ. ಎಸಿ ಇಲ್ಲದ ಕೋಣೆಯಲ್ಲಿ 40 ವ್ಯಾಟಿನ ಬಿಸಿ ಇಲ್ಲದಿರುವುದು, ಫ್ಯಾನು ಕಿರುಚದಿರುವುದು ಅದಕ್ಕಿಂತ ಬೇಗ ಗೊತ್ತಾಗುತ್ತದೆ.

ಮಾಡುವ ಬಗೆ ಹೀಗೆ. ಮೊದಲು ಹತ್ತು ನಿಮಿಷ ಆಟ ಓಡಿಸಿ ಕಾರ್ಡನ್ನು ಬಿಸಿ ಮಾಡಿ. ಬೂಸ್ಟ್ ಗೆರೆ ಉಷ್ಣತೆಗೆ ತಕ್ಕಂತೆ 15 ಮೆಗಾಹರ್ಟ್ಜ್ ಮೆಟ್ಟಿಲುಗಳಲ್ಲಿ ಮೇಲೆ ಕೆಳಗೆ ಸರಿಯುತ್ತದೆ. ತಣ್ಣಗಿರುವಾಗ ಬರೆದ ಅಂಕಿ ಬಿಸಿಯಾದಾಗ ಅದೇ ಇರುವುದಿಲ್ಲ. ಆಫ್ಟರ್‌ಬರ್ನರಿನಲ್ಲಿ ಕಂಟ್ರೋಲ್ ಜೊತೆ ಎಫ್ ಒತ್ತಿದರೆ ವೋಲ್ಟೇಜ್ ಮತ್ತು ವೇಗದ ಗೆರೆ ತೆರೆಯುತ್ತದೆ. ಅದನ್ನು ಪಕ್ಕಕ್ಕಿಟ್ಟು ಮುಖ್ಯ ಕಿಟಕಿಯಲ್ಲಿ ಕೋರ್ ಕ್ಲಾಕ್ ಅನ್ನು ಮೈನಸ್ 250 ಮಾಡಿ ಟಿಕ್ ಒತ್ತಿ. ಇಡೀ ಗೆರೆ ಕೆಳಗಿಳಿಯುತ್ತದೆ. ಈಗ ಗೆರೆಯಲ್ಲಿ 875 ಮಿಲಿವೋಲ್ಟಿನ ಚುಕ್ಕೆ ಹುಡುಕಿ, ಅದೊಂದನ್ನೇ 1800ಕ್ಕೆ ಎಳೆದು ಮತ್ತೆ ಟಿಕ್ ಒತ್ತಿ. ಆ ಚುಕ್ಕೆಯಿಂದ ಬಲಕ್ಕೆ ಎಲ್ಲವೂ 1800ರಲ್ಲಿ ಸಪಾಟಾಗಬೇಕು. ಕಾರ್ಖಾನೆಯಲ್ಲೇ ವೇಗ ಏರಿಸಿದ ಮಾದರಿಗಳಲ್ಲಿ ಬಲತುದಿ 1800ಕ್ಕಿಂತ ಮೇಲೇ ಉಳಿಯಬಹುದು. ಹಾಗೆ ಒಂದು ಚುಕ್ಕೆ ತಲೆ ಎತ್ತಿ ನಿಂತಿದ್ದರೂ ಕಾರ್ಡು ಅದೇ ವೋಲ್ಟೇಜಿಗೆ ಹಾರಿ ನಿಮ್ಮ ಶ್ರಮ ನೀರುಪಾಲು. ಆಗ ಮೈನಸ್ 300ರಿಂದ ಮತ್ತೆ ಶುರು ಮಾಡಿ.

ಆಟದಲ್ಲಿ 0.875 ವೋಲ್ಟ್, 1800 ಆಸುಪಾಸು ತೋರಿಸುತ್ತಿದೆಯೇ ನೋಡಿ. ಕ್ರ್ಯಾಶ್ ಆಗದೆ ನಿಂತರೆ 15 ಮೆಗಾಹರ್ಟ್ಜ್ ಮೆಟ್ಟಿಲಿನಲ್ಲಿ 1815, 1830 ಎಂದು ಏರಿಸಿ. ಬಿದ್ದಲ್ಲಿಂದ ಎರಡು ಮೆಟ್ಟಿಲು ಇಳಿಯಿರಿ. ವೇಗ ಬೇಡ, ತಂಪು ಬೇಕು ಎನ್ನುವವರು 1800 ಇಟ್ಟುಕೊಂಡು ವೋಲ್ಟೇಜ್ ಚುಕ್ಕೆಯನ್ನು ಎಡಕ್ಕೆ ಒಯ್ಯಬಹುದು. ಚುಕ್ಕೆಗಳ ನಡುವೆ ಆರೇಳು ಮಿಲಿವೋಲ್ಟ್ ಅಂತರ. ಎರಡೂ ಕಾರ್ಡು ಒಂದೇ ಕಂಪನಿಯದ್ದು, ಒಂದೇ ಡಬ್ಬಿಯದ್ದು ಆದರೂ ಒಂದು ತಡೆದದ್ದನ್ನು ಇನ್ನೊಂದು ತಡೆಯದು. ಇನ್ನೊಬ್ಬರ ಅಂಕಿಯನ್ನು ಆರಂಭಕ್ಕೆ ಬಳಸಿ, ಗುರಿಯಾಗಿ ಅಲ್ಲ.

ಈ ವಿಧಾನಕ್ಕೊಂದು ಕೊರತೆಯಿದೆ. ಆರಿಸಿದ ಚುಕ್ಕೆಯ ಎಡಕ್ಕೆ ಗೆರೆ ಕಡಿದಾಗಿ ಬೀಳುತ್ತದೆ. ಅಂದರೆ ಕಾರ್ಡು ಯಾವುದೋ ಕಾರಣಕ್ಕೆ ಒಂದು ಮೆಟ್ಟಿಲು ವೋಲ್ಟೇಜ್ ಇಳಿಸಿದರೆ ವೇಗ ಒಮ್ಮೆಲೇ ನೂರಾರು ಮೆಗಾಹರ್ಟ್ಜ್ ಕುಸಿಯುತ್ತದೆ. ಆದ್ದರಿಂದ ಅಂಡರ್‌ವೋಲ್ಟ್ ಮಾಡಿದ ಮೇಲೆ ಪವರ್ ಲಿಮಿಟ್ 100ರಲ್ಲೇ ಇರಲಿ. ಅದನ್ನೂ ಇದನ್ನೂ ಬೆರೆಸಬೇಡಿ.

ದಾರಿ ನಾಲ್ಕು: ಕೋರ್ ಮತ್ತು ಮೆಮೊರಿ ಏರಿಸುವುದು

ಹಳೆಯ ಅರ್ಥದ ಓವರ್‌ಕ್ಲಾಕ್ ಇದು. ಪವರ್ ಲಿಮಿಟ್ ಅನ್ನು ಕಾರ್ಡು ಬಿಟ್ಟಷ್ಟು ಏರಿಸಿ, ಕೋರಿಗೆ 25ರಂತೆ ಕೂಡಿಸುತ್ತಾ ಹೋಗುವುದು. ಪ್ಲಸ್ 100ರಿಂದ 150ರೊಳಗೆ ಹೆಚ್ಚಿನ 3060 ಕಾರ್ಡುಗಳು ಸುಸ್ತಾಗುತ್ತವೆ. 60 ಫ್ರೇಮ್ ಇದ್ದದ್ದು 62, 63 ಆದೀತು. ಅದಕ್ಕೆ ಕೊಡುವ ಬೆಲೆ ಹೆಚ್ಚು ವ್ಯಾಟು, ಹೆಚ್ಚು ಸದ್ದು. 'ಕೋರ್ ವೋಲ್ಟೇಜ್' ಸ್ಲೈಡರ್ ಸೊನ್ನೆಯಲ್ಲೇ ಇರಲಿ. ಅದು ಗೆರೆಯ ತುದಿಯ ಕೆಲವು ಚುಕ್ಕೆಗಳನ್ನು ತೆರೆಯುತ್ತದೆ ಅಷ್ಟೇ. ವಿದ್ಯುತ್ ಮಿತಿಯಲ್ಲಿ ಸಿಕ್ಕಿಕೊಂಡ ಕಾರ್ಡಿಗೆ ಅದರಿಂದ ನಷ್ಟವೇ ಹೆಚ್ಚು.

ಮೆಮೊರಿಯ ವಿಷಯ ಹಾಗಲ್ಲ, ಅಲ್ಲಿ ಕಂಪನಿಗಳು ಸಾಕಷ್ಟು ಜಾಗ ಬಿಟ್ಟಿರುತ್ತವೆ. 3060ರ ಮೆಮೊರಿ 192 ಬಿಟ್ ಅಗಲ, 15 ಗಿಗಾಬಿಟ್ ವೇಗ, ಹಾಗಾಗಿ ಸೆಕೆಂಡಿಗೆ 360 ಗಿಗಾಬೈಟ್. ಆಫ್ಟರ್‌ಬರ್ನರ್ ಆ 15ನ್ನು ಅರ್ಧವಾಗಿ, 7500 ಎಂದು ತೋರಿಸುತ್ತದೆ. ಪ್ಲಸ್ 500 ಮಾಡಿದರೆ 16 ಗಿಗಾಬಿಟ್, 384 ಗಿಗಾಬೈಟ್. ಪ್ಲಸ್ 1000 ನಿಂತರೆ 408. 1440ಪಿ ರೆಸಲ್ಯೂಷನ್ನಿನಲ್ಲಿ ಇದರ ಫಲ ಕೋರ್ ಏರಿಸಿದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ, ವ್ಯಾಟ್ ಏರಿಕೆಯೂ ಅಲ್ಪ. ಅಂಡರ್‌ವೋಲ್ಟಿನ ಜೊತೆಗೇ ಇದನ್ನು ಮಾಡಬಹುದು ಎನ್ನುವುದೇ ನಮ್ಮ ಶಿಫಾರಸಿನ ಗುಟ್ಟು: ಕೋರ್ ಕಳೆದುಕೊಂಡದ್ದನ್ನು ಮೆಮೊರಿ ತುಂಬಿಕೊಡುತ್ತದೆ.

ನೂರು ನೂರರಂತೆ ಏರಿಸಿ, ಪ್ರತಿ ಸಲ ಅಂಕ ಬರೆಯಿರಿ. ಕೋರಿನ ತಪ್ಪಿಗೂ ಮೆಮೊರಿಯ ತಪ್ಪಿಗೂ ಲಕ್ಷಣ ಬೇರೆ. ಕೋರ್ ಸೋತರೆ ಆಟ ತಟ್ಟನೆ ನಿಂತು ಪರದೆ ಕಪ್ಪಾಗಿ ಡೆಸ್ಕ್‌ಟಾಪಿಗೆ ಬರುತ್ತದೆ. ಕಾರ್ಡು ಎರಡು ಸೆಕೆಂಡು ಉತ್ತರಿಸದಿದ್ದರೆ ವಿಂಡೋಸ್ ಡ್ರೈವರನ್ನು ಮರುಚಾಲೂ ಮಾಡುತ್ತದೆ, ಈವೆಂಟ್ ವ್ಯೂವರಿನಲ್ಲಿ 4101 ಸಂಖ್ಯೆಯ ದಾಖಲೆ ಬೀಳುತ್ತದೆ. ಮೆಮೊರಿ ಸೋತರೆ ಮಿನುಗುವ ಚುಕ್ಕೆ, ಬಣ್ಣದ ಚೌಕ, ಎಳೆದಂತಾದ ತ್ರಿಕೋನಗಳು. 3080, 4070 ಮುಂತಾದವುಗಳ ಜಿಡಿಡಿಆರ್6ಎಕ್ಸ್ ಮೆಮೊರಿ ಮಾತ್ರ ಮೋಸಗಾರ. ತಪ್ಪಾದ ದತ್ತಾಂಶವನ್ನು ಅದು ಮತ್ತೆ ಕಳಿಸುತ್ತದೆ, ಪರದೆಯಲ್ಲಿ ಏನೂ ಕಾಣದು, ಅಂಕ ಮಾತ್ರ ಇಳಿಯುತ್ತದೆ. ಪ್ಲಸ್ 1200 'ನಿಂತಿದೆ' ಎಂದು ಖುಷಿಪಡುವವರ ಕಾರ್ಡು ಪ್ಲಸ್ 800ರಲ್ಲೇ ಹೆಚ್ಚು ವೇಗವಾಗಿರಬಹುದು. ಅಂಕ ಇಳಿಯಲು ಶುರುವಾದ ಕಡೆಯಿಂದ 200 ಹಿಂದಕ್ಕೆ ಬನ್ನಿ. ಆ ಜಾತಿಯ ಕಾರ್ಡುಗಳಲ್ಲಿ ಎಚ್‌ಡಬ್ಲ್ಯು ಇನ್ಫೋ ತಂತ್ರಾಂಶ ತೋರಿಸುವ ಮೆಮೊರಿ ಜಂಕ್ಷನ್ ಉಷ್ಣತೆ 95 ದಾಟದಂತೆ ನೋಡಿಕೊಳ್ಳಿ. 110ರ ಹತ್ತಿರ ಹೋದರೆ ಕಾರ್ಡೇ ವೇಗ ಕತ್ತರಿಸುತ್ತದೆ.

ದಾರಿ ಐದು: ಬೇರೆ ಬಯಾಸ್ ತುಂಬುವುದು

ಹೆಚ್ಚು ವಿದ್ಯುತ್ ಮಿತಿ ಇರುವ ಇನ್ನೊಂದು ಮಾದರಿಯ ವಿಬಯಾಸನ್ನು (ಕಾರ್ಡಿನೊಳಗಿನ ಮೂಲ ತಂತ್ರಾಂಶ) ನಿಮ್ಮ ಕಾರ್ಡಿಗೆ ತುಂಬುವುದು. ಬೇಡ. ಮೇಲಿನ ದಾರಿಗಳಲ್ಲಿ ವಿದ್ಯುತ್ ಮಿತಿಯ ಬೀಗ ಕಂಪನಿಯ ಕೈಯಲ್ಲೇ ಇರುತ್ತದೆ, ಆದ್ದರಿಂದ ಕಾರ್ಡು ಸುಡುವುದು ಕಷ್ಟ. ಇಲ್ಲಿ ಆ ಕಾವಲೇ ಹೋಗುತ್ತದೆ. ವಾರಂಟಿಯ ಆಸೆ ಬಿಡಬೇಕು, ಬರೆಯುವಾಗ ಕರೆಂಟು ಹೋದರೆ ಕಾರ್ಡು ಸತ್ತಂತೆ. ಎರಡು ಬಯಾಸ್ ಸ್ವಿಚ್ ಇದ್ದರೆ ಬಚಾವ್, ಇಲ್ಲದಿದ್ದರೆ ಚಿಪ್ಪಿಗೆ ಕ್ಲಿಪ್ ಹಾಕಿ ಪ್ರೋಗ್ರಾಮರ್ ಎಂಬ ಉಪಕರಣದಿಂದ ಬರೆಯಬೇಕು. ಶೇ. 2, 3ರ ಲಾಭಕ್ಕೆ ಇಷ್ಟು ಜೂಜು ಸ್ಪರ್ಧೆಗಾಗಿ ಓವರ್‌ಕ್ಲಾಕ್ ಮಾಡುವವರಿಗೆ ಬಿಟ್ಟದ್ದು.

ಎಎಂಡಿ ಕಾರ್ಡಿನವರಿಗೆ

ಆಫ್ಟರ್‌ಬರ್ನರ್ ಬೇಕಿಲ್ಲ, ಅಡ್ರೆನಾಲಿನ್ ತಂತ್ರಾಂಶದ ಪರ್ಫಾರ್ಮೆನ್ಸ್, ಅದರೊಳಗೆ ಟ್ಯೂನಿಂಗ್, ಅಲ್ಲಿ ಕಸ್ಟಮ್. ಇಲ್ಲಿ ಚುಕ್ಕೆಗಳ ಗೆರೆ ಇಲ್ಲ, ವೋಲ್ಟೇಜಿಗೆ ಒಂದೇ ಸ್ಲೈಡರ್. ಆರ್‌ಎಕ್ಸ್ 6600ರಲ್ಲಿ 1150 ಮಿಲಿವೋಲ್ಟ್ ಎಂದಿರುತ್ತದೆ. 25ರಂತೆ ಇಳಿಸುತ್ತಾ 1075ರ ತನಕ ಪ್ರಯತ್ನಿಸಬಹುದು. ಆ ಅಂಕಿ ಕಾರ್ಡಿಗೆ ಸಿಗುವ ನಿಜವಾದ ವೋಲ್ಟೇಜ್ ಅಲ್ಲ, ಗೆರೆಯನ್ನು ಎಷ್ಟು ಕೆಳಗೆ ತಳ್ಳಬೇಕು ಎಂಬ ಸೂಚನೆ. ಬರೀ ವೋಲ್ಟೇಜ್ ಇಳಿಸಿದರೆ ಉಳಿದ ವಿದ್ಯುತ್ತನ್ನು ಕಾರ್ಡು ವೇಗ ಏರಿಸಲು ಬಳಸಿಕೊಳ್ಳುತ್ತದೆ, ವ್ಯಾಟ್ ಅಷ್ಟೇ ಇರುತ್ತದೆ. ತಂಪು ಬೇಕಾದರೆ ಗರಿಷ್ಠ ವೇಗವನ್ನೂ 100, 150 ಇಳಿಸಿ. ಹಾಟ್‌ಸ್ಪಾಟ್ 110 ಡಿಗ್ರಿ ಇವುಗಳ ಅಂಚು; 95ರೊಳಗೆ ಇದ್ದರೆ ನಿಶ್ಚಿಂತೆ. ಒಮ್ಮೆ ಸಿಸ್ಟಂ ಹ್ಯಾಂಗ್ ಆದರೆ ಅಡ್ರೆನಾಲಿನ್ ಎಲ್ಲವನ್ನೂ ಮೂಲಕ್ಕೆ ಮರಳಿಸುತ್ತದೆ. ಆದ್ದರಿಂದ ಪ್ರೊಫೈಲನ್ನು ಫೈಲಾಗಿ ಉಳಿಸಿಡಿ.

ಪರೀಕ್ಷೆ

ಕಾರ್ಡಿಗೆ ಭಾರ ಹೇರುವ ಫರ್‌ಮಾರ್ಕ್ ಪರೀಕ್ಷೆ ಓಡಿಸಿ 'ಪಾಸು' ಎನ್ನುವುದು ವ್ಯರ್ಥ. ಅದು ಕಾರ್ಡನ್ನು ನೇರ ವಿದ್ಯುತ್ ಮಿತಿಗೆ ಗುದ್ದುತ್ತದೆ, ವೇಗವೂ ವೋಲ್ಟೇಜೂ ಕೆಳಗಿಳಿಯುತ್ತವೆ. ನೀವು ಪರೀಕ್ಷಿಸಬೇಕಿದ್ದ ಚುಕ್ಕೆಯ ಹತ್ತಿರಕ್ಕೂ ಅದು ಬರುವುದಿಲ್ಲ. ಅದರ ಬದಲು 3ಡಿಮಾರ್ಕ್ ಎಂಬ ಬೆಂಚ್‌ಮಾರ್ಕಿನ ಸ್ಟ್ರೆಸ್ ಟೆಸ್ಟ್ 20 ಸುತ್ತು ಓಡಿಸಿ, ಸ್ಥಿರತೆ ಶೇ. 97 ದಾಟಬೇಕು. ಮೆಮೊರಿಗೆ ಓಸಿಸಿಟಿ ತಂತ್ರಾಂಶದ ವಿ-ರ್ಯಾಮ್ (ಕಾರ್ಡಿನ ಮೆಮೊರಿ) ಪರೀಕ್ಷೆ. ಕೊನೆಗೆ ಸೈಬರ್‌ಪಂಕ್ 2077 ತರಹದ ಆಟ ರೇ ಟ್ರೇಸಿಂಗ್ ಹಾಕಿ ಒಂದು ಗಂಟೆ. ಬೆಂಚ್‌ಮಾರ್ಕಿನಲ್ಲಿ ನಿಂತ ಅಂಡರ್‌ವೋಲ್ಟ್ ಬೀಳುವುದು ಹೆಚ್ಚಾಗಿ ಇಲ್ಲೇ. ಮೆನುವಿನಿಂದ ಆಟಕ್ಕೆ, ಆಟದಿಂದ ಡೆಸ್ಕ್‌ಟಾಪಿಗೆ ಹಲವು ಸಲ ಹೋಗಿಬನ್ನಿ. ವೇಗ ಏರಿಳಿಯುವ ಆ ಗಳಿಗೆಯಲ್ಲೇ ಕೆಲವು ಕಾರ್ಡು ತಡವರಿಸುತ್ತವೆ.

ಒಂದು ವಾರ ಆಗುವವರೆಗೆ 'ವಿಂಡೋಸ್ ಶುರುವಾದಾಗ ಅನ್ವಯಿಸು' ಗುಂಡಿಯನ್ನು ಒತ್ತಬೇಡಿ. ಒತ್ತಿದ ಮೇಲೆ ಕಂಪ್ಯೂಟರ್ ಪರದೆ ಬಾರದೆ ಸಿಕ್ಕಿಕೊಂಡರೆ ಸೇಫ್ ಮೋಡಿಗೆ ಹೋಗಿ ಆಫ್ಟರ್‌ಬರ್ನರ್ ತೆಗೆದುಹಾಕಿದರಾಯಿತು; ಸೆಟ್ಟಿಂಗ್ ಕಾರ್ಡಿನೊಳಗೆ ಉಳಿದಿರುವುದಿಲ್ಲ.

ಯಾರಿಗೆ ಯಾವುದು

ಎಸಿ ಇಲ್ಲದ ಕೋಣೆ, ಇಕ್ಕಟ್ಟಾದ ಕ್ಯಾಬಿನೆಟ್, ಪರ್ಫ್‌ಕ್ಯಾಪಿನಲ್ಲಿ ಪವರ್ ಅಥವಾ ಥರ್ಮಲ್ ಕಂಡರೆ ಮೂರನೇ ದಾರಿ, ಮೇಲೆ ಮೆಮೊರಿ ಪ್ಲಸ್ 500. ಕ್ಯಾಬಿನೆಟ್ ಗಾಳಿಯಾಡುತ್ತದೆ, ಉಷ್ಣತೆ 65 ದಾಟುತ್ತಿಲ್ಲ, ವಿರೆಲ್ ಮಾತ್ರ ಕಾಣುತ್ತಿದೆ ಎಂದರೆ ನಾಲ್ಕನೆಯದನ್ನು ಮಾಡಿ ನೋಡಲು ಅರ್ಥವಿದೆ. ಕೆಲಸಕ್ಕೆ ಕಾರ್ಡು ಬಳಸುವವರು ಒಂದರಲ್ಲೇ ಇರಿ. ಲ್ಯಾಪ್‌ಟಾಪಿನಲ್ಲಿ ಪವರ್ ಲಿಮಿಟ್ ಸ್ಲೈಡರ್ ಹೆಚ್ಚಾಗಿ ಬೀಗ ಹಾಕಿರುತ್ತದೆ, ಆದರೆ ಗೆರೆಯ ಅಂಡರ್‌ವೋಲ್ಟ್ ಹಲವು ಮಾದರಿಗಳಲ್ಲಿ ನಡೆಯುತ್ತದೆ. ಅಲ್ಲಿ ಪ್ರೊಸೆಸರೂ ಜಿಪಿಯುವೂ ಒಂದೇ ಹೀಟ್‌ಪೈಪ್ ಹಂಚಿಕೊಳ್ಳುವುದರಿಂದ ಲಾಭ ಡೆಸ್ಕ್‌ಟಾಪಿಗಿಂತ ಹೆಚ್ಚು.

ಬೇಸಿಗೆಗೆ ಮುಂಚೆ ಒಮ್ಮೆ ಧೂಳು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಗಾಳಿಯ ರಭಸಕ್ಕೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳು. ಡ್ರೈವರ್ ಹೊಸದಾದ ಮೇಲೆ, ಇಲ್ಲವೇ ಹೊಸ ಆಟ ಹಾಕಿದ ಮೇಲೆ ಕ್ರ್ಯಾಶ್ ಶುರುವಾದರೆ ಡ್ರೈವರನ್ನು ಬೈಯುವ ಮೊದಲು ಆಫ್ಟರ್‌ಬರ್ನರಿನ ರೀಸೆಟ್ ಒತ್ತಿ ಅದೇ ದೃಶ್ಯವನ್ನು ಮತ್ತೆ ಆಡಿ ನೋಡಿ. ಆಗ ಕ್ರ್ಯಾಶ್ ಆಗದಿದ್ದರೆ ನಿಮ್ಮ ಚುಕ್ಕೆಯನ್ನು 15 ಮೆಗಾಹರ್ಟ್ಜ್ ಇಳಿಸುವುದೇ ಪರಿಹಾರ.